ಅಜ್ಜಿಮನೆ ಬಳಗದಲ್ಲಿ ಇರಾನ್ ಜಗಳ

ರಘು: (ಫಾರ್ವರ್ಡ್ ಆದ ಚಿತ್ರ) ಎಡಗಡೆ 1970ರ ಟೆಹ್ರಾನ್, ಸ್ಕರ್ಟ್ ಹಾಕಿದ ಕಾಲೇಜು ಹುಡುಗೀರು. ಬಲಗಡೆ ಇವತ್ತಿಂದು, ಬರೀ ಕಪ್ಪು. 1979ರಲ್ಲಿ ದೊರೆ ಶಾನನ್ನ ಓಡಿಸಿ ಮುಲ್ಲಾಗಳು ಬಂದ್ರು, ಒಂದೇ ರಾತ್ರೀಲಿ ಒಂದು ದೇಶ ಹೇಗೆ ಮುಳುಗಿತು ನೋಡಿ. ಎಲ್ಲರಿಗೂ ಕಳಿಸಿ 🙏

ಕಿರಣ: ಚಿಕ್ಕಪ್ಪ, ಇದು ನಮ್ಮ ಗುಂಪಿಗೆ ಮೂರನೇ ಸಲ ಬರ್ತಿದೆ 😄

ಅನುಷಾ: ರಘು ಮಾವ, ಎಡಗಡೆ ಫೋಟೊ ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ಅದು ಟೆಹ್ರಾನಿನ ಅನುಕೂಲಸ್ಥರ ಮಕ್ಕಳದ್ದು. 1976ರ ಜನಗಣತೀಲಿ ಓದುಬರಹ ಬರ್ತಿದ್ದದ್ದು ಹೆಚ್ಚೂಕಮ್ಮಿ ಮೂವರು ಹೆಂಗಸರಲ್ಲಿ ಒಬ್ಬರಿಗೆ. ಹಳ್ಳೀಲಿ ಇನ್ನೂ ಕಡಿಮೆ. ಆ ಹೆಂಗಸರು ನಿಮ್ಮ ಫೋಟೊದಲ್ಲಿ ಎಲ್ಲಿದ್ದಾರೆ?

ರಘು: ಅಂದ್ರೆ ಮುಲ್ಲಾಗಳು ಬಂದಿದ್ದು ಒಳ್ಳೇದಾಯ್ತು ಅಂತೀಯಾ? ಚೆನ್ನಾಗಿದೆ ನಿಮ್ಮ ಎಂ.ಎ.

ಅನುಷಾ: ಎಲ್ಲಿ ಹಾಗಂದೆ ಮಾವ? "ಒಂದೇ ರಾತ್ರೀಲಿ" ಅಂತ ಬರೆದಿದ್ದೀರಲ್ಲ, ನನ್ನ ತಕರಾರು ಅದಕ್ಕೆ. 1936ರಲ್ಲಿ ಇದೇ ಶಾನ ಅಪ್ಪ ರೆಜಾ ಶಾ ಪರದೆ ನಿಷೇಧ ಮಾಡಿದ. ಬೀದೀಲಿ ಪೊಲೀಸರು ಹೆಂಗಸರ ಚಾದರ ಕಿತ್ತು ಎಳೀತಿದ್ರು. ಆಗ ಮನೇಲಿ ಸ್ನಾನದ ಕೋಣೆ ಎಲ್ಲಿತ್ತು, ಊರಿನ ಹಮ್ಮಾಮಿಗೇ ಹೋಗಬೇಕು. ಬರೀ ತಲೇಲಿ ರಸ್ತೆ ದಾಟೋಕೆ ನಾಚಿಕೆ ಆಗಿ ಅಲ್ಲಿಗೂ ಹೋಗದೆ ಒಳಗೇ ಉಳಿದವರಿದ್ದರು. 1941ರಲ್ಲಿ ಅವನು ಸಿಂಹಾಸನ ಬಿಟ್ಟ ಮೇಲೇ ಅದು ಸಡಿಲ ಆಗಿದ್ದು. 1983ರಲ್ಲಿ ಬಂದ ಕಾನೂನು ಉಲ್ಟಾ: ತಲೆ ಮುಚ್ಚದಿದ್ದರೆ 74 ಛಡಿ ಏಟು. ಒಂದೇ ಮನೇಲಿ ಅಜ್ಜಿ ಹೊದ್ದಿದ್ದಕ್ಕೆ ಪೊಲೀಸರ ಕೈಲಿ ಸಿಕ್ಕಿಬಿದ್ದಿರಬಹುದು, ಮೊಮ್ಮಗಳು ಹೊದೀದೇ ಇದ್ದಿದ್ದಕ್ಕೆ.

ರಘು: ಸರಿ, ಅಪ್ಪನದು ಬಿಡು. ಮಗ 1963ರಲ್ಲಿ ಹೆಂಗಸರಿಗೆ ವೋಟು ಕೊಟ್ಟ. 1975ರ ಹೊತ್ತಿಗೆ ಹುಡುಗಿ ಮದುವೆ ವಯಸ್ಸು 18 ಮಾಡಿದ. ಇವರು ಬಂದು ಅದನ್ನ 9ಕ್ಕೆ ಇಳಿಸಿದ್ರು. ಒಂಬತ್ತು! ಶಿರಿನ್ ಎಬಾದಿ ಅವನ ಕಾಲದಲ್ಲಿ ಜಡ್ಜ್ ಆಗಿದ್ದವರು. ಹೆಂಗಸರು ಜಡ್ಜ್ ಆಗಬಾರದು ಅಂತ ತೆಗೆದು, ತಾವೇ ಪೀಠದಲ್ಲಿ ಕೂತಿದ್ದ ಕೋರ್ಟಲ್ಲಿ ಗುಮಾಸ್ತೆ ಕೆಲಸಕ್ಕೆ ಹಾಕಿದ್ರು. ಅವರಿಗೇ 2003ರಲ್ಲಿ ನೊಬೆಲ್ ಬಂತು. ಇದಕ್ಕೂ ಏನೋ ಒಂದು ಸಮಾಧಾನ ಇರುತ್ತೆ ನಿನ್ನ ಹತ್ರ.

ಅನುಷಾ: ಇದಕ್ಕೆ ಯಾವ ಸಮಾಧಾನಾನೂ ಇಲ್ಲ ಮಾವ. ಇನ್ನೊಂದು ನಾನೇ ಸೇರಿಸ್ತೀನಿ. ಫರ್ರೊಖ್‌ರೂ ಪಾರ್ಸಾ, ಡಾಕ್ಟರ್, 1968ರಲ್ಲಿ ಶಿಕ್ಷಣ ಮಂತ್ರಿ ಆದವರು, ಇರಾನಿನ ಮೊದಲ ಮಹಿಳಾ ಮಂತ್ರಿ. 1980ರ ಮೇ ತಿಂಗಳಲ್ಲಿ ಗುಂಡಿಟ್ಟು ಕೊಂದರು. ಆದ್ರೆ ಅಂಥ ಸರ್ಕಾರ ಬರೋಕೆ ದಾರಿ ಮಾಡಿದ್ದು ಯಾರು? ತೈಲ ದೇಶದ್ದು ಅಂದ ಪ್ರಧಾನಿ ಮೊಸದ್ದೆಗ್‌ನ 1953ರಲ್ಲಿ ಅಮೆರಿಕ, ಬ್ರಿಟನ್ ಸೇರಿ ಕೆಳಗಿಳಿಸಿದ್ದು. ಆಮೇಲೆ ಶಾ ಒಂದೊಂದೇ ಪಕ್ಷಕ್ಕೆ ಬೀಗ ಜಡಿದ. 1975ರಲ್ಲಂತೂ ಇಡೀ ದೇಶಕ್ಕೆ ಒಂದೇ ಪಕ್ಷ, ಬೇಡ ಅಂದವರು ದೇಶ ಬಿಟ್ಟು ಹೋಗಿ ಅಂದ. ಸ್ವತಂತ್ರ ಪತ್ರಿಕೆ ಇಲ್ಲ, ಸ್ವತಂತ್ರ ಕಾರ್ಮಿಕ ಸಂಘ ಇಲ್ಲ. ಅವನು ಮುಚ್ಚೋಕೆ ಆಗದೇ ಇದ್ದದ್ದು ಮಸೀದಿ ಒಂದೇ. ಜನ ಸೇರಬೇಕು ಅಂದ್ರೆ ಇನ್ನೆಲ್ಲಿ ಸೇರಬೇಕಿತ್ತು?

ಕಿರಣ: ಕೊನೆಗೂ ಅಮೆರಿಕ ಬಂತು. ಕಾಯ್ತಾ ಇದ್ದೆ.

ರಘು: ಅದಕ್ಕೇ ಹೇಳೋದು, ನಮ್ಮಲ್ಲೂ ಎಚ್ಚರ ಬೇಕು ಅಂತ. ಉಡುಪೀಲಿ ಏನಾಯ್ತು ನೆನಪಿದೆಯಲ್ಲ?

ಶ್ರೀಧರ: ರಘು, ಉಡುಪಿ ಬೇಡ. ಅದಕ್ಕೆ ಬೇರೆ ದಿನ ಇಟ್ಕೊಂಡು ಜಗಳ ಆಡೋಣ.

ಬೆಂಗಳೂರಲ್ಲಿ ಓದೋವಾಗ ನನ್ನ ರೂಮಲ್ಲಿ ಇರಾನಿನ ಅಬಾದಾನ್ ಊರಿನ ಹುಡುಗ ಒಬ್ಬ ಇದ್ದ, ನಿನಗೂ ಗೊತ್ತು, ದಸರೆಗೆ ಒಮ್ಮೆ ಮನೆಗೂ ಬಂದಿದ್ದ. ಪೂಜೆಗೆ ಹೋಗೋನಲ್ಲ, ನಮಾಜಿಗೂ ಅಷ್ಟಕ್ಕಷ್ಟೆ. ಅವನಪ್ಪ ಅಲ್ಲಿನ ತೈಲ ಶುದ್ಧೀಕರಣ ಘಟಕದಲ್ಲಿ ಫಿಟ್ಟರ್. 1978ರ ಆಗಸ್ಟಲ್ಲಿ ಆ ಊರಿನ ರೆಕ್ಸ್ ಸಿನಿಮಾ ಥಿಯೇಟರಿಗೆ ಬೆಂಕಿ ಬಿತ್ತು, ಬಾಗಿಲು ತೆಗೆಯೋಕಾಗದೆ ನಾನ್ನೂರಕ್ಕೂ ಹೆಚ್ಚು ಜನ ಒಳಗೇ ಸುಟ್ಟುಹೋದರು. ಇವನ ಮನೆಯಿಂದ ನಡಕೊಂಡು ಹೋಗೋ ದೂರ. ಪೇಪರಲ್ಲಿ ಬಂದ ದಿನದಿಂದ ಟ್ರಂಕ್ ಕಾಲ್ ಬುಕ್ ಮಾಡಿ ಟೆಲಿಗ್ರಾಫ್ ಆಫೀಸಿನ ಬೆಂಚಲ್ಲೇ ಕೂತಿದ್ದ, ನಾನು ಬನ್ನು ತಗೊಂಡು ಹೋಗಿ ಕೊಡ್ತಿದ್ದೆ. ಲೈನು ಸಿಕ್ಕಾಗ ಮನೆಯವರು ಕ್ಷೇಮ, ಆದ್ರೆ ಸ್ಕೂಲಿನ ಗೆಳೆಯರಲ್ಲಿ ಇಬ್ಬರು ಇಲ್ಲ. ಇದು ಶಾನ ಗುಪ್ತ ಪೊಲೀಸ್ ಸಾವಾಕ್‌ನ ಕೆಲಸ ಅಂತ ಇಡೀ ಊರೇ ನಂಬಿತ್ತು. ಇವನೂ ನಂಬಿದ. ಅಲ್ಲೀವರೆಗೆ ರಾಜಕೀಯದ ಸುದ್ದಿಗೇ ಹೋಗದವನು ಅವತ್ತಿಂದ ಶಾನ ವಿರೋಧಿ ಧರ್ಮಗುರು ಖೊಮೇನಿ ಭಾಷಣದ ಕ್ಯಾಸೆಟ್ ಕೇಳೋಕೆ ಶುರು ಮಾಡಿದ.

ಆಮೇಲೆ ವಿಚಾರಣೇಲಿ ಬೆಂಕಿ ಇಟ್ಟವನಿಗೆ ಧರ್ಮದ ಕಡೆಯವರ ನಂಟಿತ್ತು ಅಂತ ಬಂತು. ಅಷ್ಟರಲ್ಲಿ ಸರ್ಕಾರ ಅವರದ್ದೇ ಆಗಿತ್ತು.

ಸುಧಾ: ಅಣ್ಣಾ, 1979ರ ಜನವರೀಲಿ ಶಾ ಓಡಿಹೋದ ಅಂತ ಮೈಸೂರುಪಾಕ್ ಹಂಚಿದ್ದು ಅವನೇ ಅಲ್ವಾ?

ಶ್ರೀಧರ: ಅವನೇ. ಹಾಸ್ಟೆಲಿಗೆಲ್ಲಾ. ಮುಂದಿನ ವರ್ಷ ಸೆಪ್ಟೆಂಬರಲ್ಲಿ ಸದ್ದಾಂ ಯುದ್ಧ ಶುರು ಮಾಡಿದ, ಅಬಾದಾನಿಗೆ ಮುತ್ತಿಗೆ ಬಿತ್ತು, ಮನೆಯಿಂದ ದುಡ್ಡು ಬರೋದು ನಿಂತಿತು. ಮನೆಯವರು ಶಿರಾಜಿಗೆ ಹೋಗಿ ನಿರಾಶ್ರಿತರಾದರು. ತಿಂಗಳುಗಟ್ಟಲೆ ನನ್ನ ಮೆಸ್ ಕಾರ್ಡಲ್ಲೇ ಊಟ ಮಾಡಿದ. 1981ರ ಜೂನ್ ಆದ ಮೇಲೆ, ಎಡಪಂಥದ ಹುಡುಗರನ್ನ ಹಿಡಿದು ಕೊಲ್ಲೋಕೆ ಶುರು ಮಾಡಿದಾಗ, ಮಾತೇ ನಿಲ್ಲಿಸಿಬಿಟ್ಟ. ವಾಪಸ್ ಹೋಗಲಿಲ್ಲ. ಈಗ ಸ್ವೀಡನ್ನಲ್ಲಿದ್ದಾನೆ.

ರಘು: ಅಲ್ಲಿಗೆ ನಾನು ಹೇಳಿದ್ದೇ ಆಯ್ತಲ್ಲ.

ಸುಧಾ: ರಘಣ್ಣ, ನಿನ್ನದೂ ಸ್ಕರ್ಟು, ನನ್ನ ಮಗಳದೂ ಚಾದರ. ಬಟ್ಟೆ ಬಿಟ್ಟು ಬೇರೆ ಏನಾದ್ರೂ ಮಾತಾಡಿ. ನಾನು ಮೂವತ್ತು ವರ್ಷ ಪಿಎಚ್‌ಸೀಲಿ ಸವೆದವಳು. ಒಂದು ತರಬೇತೀಲಿ ಇರಾನಿನ ಹಳ್ಳಿ ಆರೋಗ್ಯ ಮನೆ ಬಗ್ಗೆ ಹೇಳಿದ್ರು. ಅದೇ ಹಳ್ಳಿ ಹುಡುಗೀನೇ ಆರಿಸಿ ಎರಡು ವರ್ಷ ಕಲಿಸ್ತಾರೆ, ಬೆಹ್ವರ್ಜ್ ಅಂತಾರೆ ಅವಳಿಗೆ. ಗೋಡೆ ಮೇಲೆ ಜಾತಕದ ಥರ ಒಂದು ಗುಂಡನೆ ಚಾರ್ಟು, ಸುತ್ತು ಸುತ್ತಾಗಿ ಗೆರೆ. ಯಾವ ತಿಂಗಳು ಯಾವ ವಯಸ್ಸಿನ ತಾಯಿಗೆ ಹೆರಿಗೆ, ಎಷ್ಟು ಮಕ್ಕಳು ಸತ್ತರು, ಎಲ್ಲಾ ಅವಳೇ ಕೈಯಲ್ಲಿ ತುಂಬ್ತಾಳೆ. ಒಂದು ನೋಟಕ್ಕೆ ಇಡೀ ಹಳ್ಳಿ ಗೊತ್ತಾಗುತ್ತೆ. ನನ್ನ ರಿಜಿಸ್ಟರ್‌ಗಳ ರಾಶಿ ನೆನೆಸ್ಕೊಂಡು ಹೊಟ್ಟೆ ಉರಿದುಹೋಯ್ತು. ಯುದ್ಧದ ಕಾಲದಲ್ಲಿ ಮಕ್ಕಳು ಹೆರಿ ಅಂದ ಅದೇ ಮುಲ್ಲಾಗಳು ಯುದ್ಧ ಮುಗಿದು 1989ರಲ್ಲಿ ಸಾಕು ಅಂದ್ರು. ಮದುವೆಗೆ ಮೊದಲು ಗಂಡು ಹೆಣ್ಣು ಇಬ್ಬರೂ ಕುಟುಂಬ ಯೋಜನೆ ಪಾಠಕ್ಕೆ ಕೂರಲೇಬೇಕಿತ್ತು. ತಾಯಿಗೆ ಆರು ಮಕ್ಕಳಿಗೂ ಮೇಲಿದ್ದದ್ದು ಹದಿನೈದೇ ವರ್ಷದಲ್ಲಿ ಎರಡರ ಹತ್ರ ಬಂತು.

ಅನುಷಾ: ಅಮ್ಮ ಹೇಳಿದ್ದಕ್ಕೆ ಇನ್ನೊಂದು. ಶಾ ಕಾಲದ ಕಾಲೇಜಿಗೆ ಮಗಳನ್ನ ಕಳಿಸೋಕೆ ಹೆದರ್ತಿದ್ದ ಸಂಪ್ರದಾಯಸ್ಥ ಮನೆಯವರು ಆಮೇಲೆ ಕಳಿಸಿದ್ರು. 2000ದ ಹೊತ್ತಿಗೆ ವಿಶ್ವವಿದ್ಯಾಲಯಕ್ಕೆ ಸೇರೋರಲ್ಲಿ ಹುಡುಗೀರೇ ಜಾಸ್ತಿ.

ರಘು: ಓದಿಸಿ ಕೆಲಸ ಕೊಡಲಿಲ್ಲವಲ್ಲ. ಬಹಾಯಿ ಧರ್ಮದವರನ್ನ ಕಾಲೇಜಿಗೇ ಸೇರಿಸಲಿಲ್ಲ, ಅವರು ಮನೆ ಮನೇಲಿ ಪಾಠ ಮಾಡ್ಕೊಂಡ್ರು.

ಅನುಷಾ: ನಿಜ. ಅದಕ್ಕೂ ಪಾಠ ಮಾಡಿದವರನ್ನ ಜೈಲಿಗೆ ಹಾಕಿದ್ರು.

ಸುಧಾ: ನನ್ನ ಬೆಹ್ವರ್ಜ್‌ಗೂ ಬಂತು ಗ್ರಹಚಾರ. 2021ರಲ್ಲಿ ಜನಸಂಖ್ಯೆ ಹೆಚ್ಚಿಸೋ ಕಾನೂನು ಮಾಡಿ ಸರ್ಕಾರಿ ಕೇಂದ್ರದಲ್ಲಿ ಪುಕ್ಕಟೆ ಮಾತ್ರೆ, ಕಾಂಡೋಮ್ ಹಂಚೋದು ನಿಲ್ಲಿಸಿದ್ರು. ಸಿಪಾಯಿ ಬೇಕಾದಾಗ ಹೆರು, ಅಕ್ಕಿ ಸಾಲದಾದಾಗ ನಿಲ್ಲಿಸು, ಈಗ ಮತ್ತೆ ಹೆರು. ಹೆರೋಳನ್ನ ಕೇಳೋರು ಯಾರೂ ಇಲ್ಲ.

ಶ್ರೀಧರ: ನನ್ನ ಗೆಳೆಯನ ತಂಗಿ ಟೀಚರ್. 1979ರ ಮಾರ್ಚ್ 8ಕ್ಕೆ ಟೆಹ್ರಾನಲ್ಲಿ ಹಿಜಾಬ್ ಕಡ್ಡಾಯ ಬೇಡ ಅಂತ ಹಿಮದಲ್ಲಿ ಮೆರವಣಿಗೆ ಹೊರಟ ಹೆಂಗಸರಲ್ಲಿ ಅವಳೂ ಇದ್ದಳು. ಅದಕ್ಕೂ ಕೆಲವು ತಿಂಗಳ ಹಿಂದೆ ಶಾನ ವಿರುದ್ಧ ಅಂತ ತಾನಾಗೇ ಚಾದರ ಹೊದ್ದು ಬೀದಿಗೆ ಇಳಿದಿದ್ದವಳೂ ಅವಳೇ. ಮುಂದಿನ ವರ್ಷ ಕೆಲಸ ಉಳಿಸ್ಕೊಳ್ಳೋಕೆ ಸ್ಕಾರ್ಫ್ ಕಟ್ಟಿದಳು, ರಿಟೈರ್ ಆಗೋವರೆಗೂ. 2022ರಲ್ಲಿ, ಹಿಜಾಬ್ ಸರಿಯಿಲ್ಲ ಅಂತ ಪೊಲೀಸರು ಹಿಡಿದಿದ್ದ ಮಹಸಾ ಅಮಿನಿ ಸತ್ತಾಗ, ಅವಳ ಮಗಳು ಬೀದೀಲಿದ್ದಳು, ಬರೀ ತಲೇಲಿ.

ರಘು: ನೋಡಿ ಅಣ್ಣಾ, ಆ ಹುಡುಗಿ ಕೇಳ್ತಿರೋದು ನನ್ನ ಎಡಗಡೆ ಫೋಟೋನೇ ಅಲ್ವಾ?

ಅನುಷಾ: ಅಲ್ಲ ಮಾವ. ಅದೇ ಬೀದೀಲಿ ಕೂಗಿದ್ದು ಏನು ಗೊತ್ತಾ? ದಬ್ಬಾಳಿಕೆ ಮಾಡೋನು ಸಾಯಲಿ, ಶಾ ಆದ್ರೂ ಸರಿ, ಸರ್ವೋಚ್ಚ ನಾಯಕ ಆದ್ರೂ ಸರಿ ಅಂತ.

ರಘು: ಶಾನ ಮಗನ ಫೋಟೊ ಹಿಡಿದು ಮೆರವಣಿಗೆ ಹೋದವರೂ ಇದ್ರು. ಹೊರದೇಶದಲ್ಲಿ ನೋಡು.

ಅನುಷಾ: ಇದ್ರು. ಇಲ್ಲ ಅಂದ್ನಾ?