ಚಂಡಿ, ಪಸೆ, ಬೆವರು: ನೆಲದೊಳಗಿನ ನೀರಿಗೆ ಯಾವ ಪದ?

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಹೊಸ ಕೋಣೆಯ ಕಾಂಕ್ರೀಟ್ ನೆಲಕ್ಕೆ ವಿನೈಲ್ ಹಾಸು ಅಂಟಿಸಲು ಬಂದವರಲ್ಲಿ "ನೆಲದಲ್ಲಿ ಪಸೆ ಉಂಟಾ ನೋಡಿದಿರಾ?" ಎಂದು ಕೇಳಿದೆ. "ಪಶ ಇನ್ನು ಹಾಕುವುದಷ್ಟೆ" ಎಂದು ಅವರು ಅಂಟಿನ ಡಬ್ಬಿ ತೋರಿಸಿದರು. ಅವರ ಮನೆಮಾತು ಮಲಯಾಳ. ಅಲ್ಲಿ ಪಶ ಎಂದರೆ ಅಂಟು. ತೇವಕ್ಕೆ ಅವರಾಡುವ "ಈರ್ಪ್ಪಂ" ಎಂದಾಗ ಅರ್ಥವಾಯಿತು. ನೆಲಕ್ಕೆ ಅಂಗೈ ಒತ್ತಿ, "ಚಂಡಿ ಇಲ್ಲ" ಎಂದು ಅಂಟಿಸಿಯೇ ಬಿಟ್ಟರು. ಮಳೆಗಾಲ ಮುಗಿಯುವಷ್ಟರಲ್ಲಿ ಅಂಚುಗಳು ಎದ್ದವು. ಅಡಿಯ ಅಂಟು ಲೋಳೆಯಾಗಿತ್ತು.

ನನಗೆ ಕಾಡುತ್ತಿರುವುದು ಆ "ಚಂಡಿ ಇಲ್ಲ" ಎಂಬ ಮಾತು. ಅದು ಸುಳ್ಳಲ್ಲ. ಮಳೆಗೆ ನೆನೆದ ಬಟ್ಟೆ ಚಂಡಿ, ಕೈಗೆ ಹತ್ತುವ ಒದ್ದೆ ಚಂಡಿ. ಕಾಂಕ್ರೀಟ್ ಹಾಗಲ್ಲ. ಮೇಲೆ ಒಣಗಿದ್ದರೂ ಒಳಗೆ ನೀರು ಉಳಿದಿರುತ್ತದೆ. ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಅಂದಾಜು ಲೆಕ್ಕ, ನಮ್ಮ ಆಟಿ ತಿಂಗಳ ಜಡಿಮಳೆಯ ಹವೆಯಲ್ಲಿ ಇನ್ನೂ ಜಾಸ್ತಿ ಬೇಕು. ಈ ಒಳಗಿನ ತೇವಕ್ಕೆ ಪಸೆಯೇ ಸರಿ ಅನ್ನಿಸುತ್ತದೆ. "ಬಾಯಿಯ ಪಸೆ ಆರಿತು" ಅನ್ನುತ್ತೇವಲ್ವಾ? ಆದರೆ ಕನ್ನಡದ ಪಸೆಗೂ ಅಂಟು ಎಂಬ ಅರ್ಥ ಇದೆ, ಮಲಯಾಳದ ಪಶ ಅದರ ತಂಗಿ. ಅಂಟಿನ ಡಬ್ಬಿ ಎದುರಿಗಿರುವಾಗ ಈ ಪದ ಎಡವಿಸುತ್ತದೆ.

"ನೆಲ ಬೆವರಿದೆ" ಎಂದೂ ಹೇಳುತ್ತೇವೆ. ಅದು ಬೇರೆ. ತಣ್ಣಗಿನ ನೆಲಕ್ಕೆ ತೇವದ ಗಾಳಿ ತಾಗಿ ಮೇಲ್ಗಡೆ ಕೂರುವ ನೀರು ಅದು.

ಹಾಸು ಕಿತ್ತ ಮೇಲೆ ನಾನೇ ಪರೀಕ್ಷೆ ಮಾಡಿದೆ. 18 ಇಂಚು ಚದರದ ದಪ್ಪ ಪ್ಲಾಸ್ಟಿಕ್ ಹಾಳೆ, ನಾಲ್ಕೂ ಬದಿಗೆ ಗಾಳಿ ಹೋಗದಂತೆ ಟೇಪ್. ಕಡಿಮೆ ಎಂದರೆ 16 ಗಂಟೆ ಬಿಡಬೇಕು, ನಾನು ಒಂದು ರಾತ್ರಿ, ಒಂದು ಹಗಲು ಬಿಟ್ಟೆ. ಹಾಳೆಯ ಮೇಲೆ ಧೂಳು ಒಣಗಿಯೇ ಇತ್ತು. ಎತ್ತಿ ನೋಡಿದರೆ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಹನಿಗಳು, ಅಷ್ಟೇ ಚೌಕಕ್ಕೆ ನೆಲ ಕಪ್ಪಾಗಿತ್ತು. ಮೇಲಿನ ಬೆವರಲ್ಲ, ಕೆಳಗಿನಿಂದ ಬಂದದ್ದು. ಹನಿ ಕಾಣದಿದ್ದರೂ ನೆಲ ಆರಿದೆ ಎಂದು ನಂಬುವ ಹಾಗಿಲ್ಲ. ಸರಿಯಾಗಿ ತಿಳಿಯಲು ಕಾಂಕ್ರೀಟಿನ ದಪ್ಪದ 40% ಆಳಕ್ಕೆ ತೂತು ಕೊರೆದು, ಮೀಟರ್ ಇಳಿಸಿ ಅಳೆಯುತ್ತಾರೆ. ಅದು ತೋರಿಸುವುದು ತೂತಿನೊಳಗಿನ ಗಾಳಿ ಎಷ್ಟು ತೇವ ಎಂಬುದನ್ನು; ಪುಸ್ತಕದಲ್ಲಿ ಅದಕ್ಕೆ "ಸಾಪೇಕ್ಷ ಆರ್ದ್ರತೆ" ಎಂದಿದೆ. ಕೆಲಸದ ಜಾಗದಲ್ಲಿ ಆ ಮಾತು ನಡೆಯುವುದಿಲ್ಲ.

"ಅಡಿಪಸೆ" ಎಂದರೆ ಹೇಗೆ? ಅಂಟಿನ ಗೊಂದಲ ತಪ್ಪೀತೇ? ಮಂಜೇಶ್ವರ, ಪುತ್ತೂರು, ಸುಳ್ಯ ಕಡೆಯ ಗಾರೆಕೆಲಸದವರ ಬಾಯಲ್ಲಿ ಇದಕ್ಕೆ ಬೇರೆ ಪದ ಕೇಳಿದ್ದರೆ, ಅವರು ಆಡಿದ ವಾಕ್ಯದ ಸಮೇತ ತಿಳಿಸಿ.