ಸಿರ್ಸಿಲಿರೋ ಸರ್ವರ್‌ ಪರದೆ ಕಾರವಾರದಲ್ಲಿ ಕೂತು ನೋಡ್ಬೇಕು, ಕರೆಂಟ್ ಹೋಗಿ ಬಂದ್ಮೇಲೆ ಐಪಿಎಂಐ ಮಾಯ

ದೇವಿಮನೆ_ತಿರುವು:
ಎಲ್ರಿಗೂ ನಮಸ್ಕಾರ. ನಾನಿರೋದು ಕಾರವಾರ, ನಾ ನೋಡ್ಕೊಳ್ಳೋ ಸರ್ವರ್ ಇರೋದು ಸಿರ್ಸಿಲಿ, ಒಂದು ಅಡಿಕೆ ವ್ಯಾಪಾರದ ಆಫೀಸಲ್ಲಿ. ಸೂಪರ್‌ಮೈಕ್ರೋ ಬೋರ್ಡು, ಡೆಬಿಯನ್ ಲಿನಕ್ಸ್. ಹೋದ ತಿಂಗಳು ಮಳೆಗೆ ಕರೆಂಟ್ ಹೋಗಿ ಬಂದಾಗ ಮಶೀನು ಏಳ್ಲೇ ಇಲ್ಲ, ಫೋನ್ ಮಾಡಿದ್ರೆ ಅಲ್ಲಿನವ್ರು "ಎಂತದೋ ಇಂಗ್ಲಿಷಲ್ಲಿ ಬಂದದೆ" ಅಂತಾರೆ, ಕೀಬೋರ್ಡ್ ನೋಡಿದ್ರೆ ಬಿಲ್ಲಿಂಗ್ ಟೇಬಲ್ಲಿಗೆ ಯಾರೋ ಎತ್ಕೊಂಡು ಹೋಗಿದ್ರಂತೆ. ಕುಮಟಾದಲ್ಲಿ ಬಸ್ ಬದಲಾಯಿಸಿ, ದೇವಿಮನೆ ಘಟ್ಟ ಹತ್ತಿ ಹೋಗಿ ನೋಡಿದ್ರೆ ಸಿಮೋಸ್ ಬ್ಯಾಟರಿ (ಬೋರ್ಡಿನ ಸೆಟ್ಟಿಂಗ್ ನೆನಪಿಡೋ ಪುಟ್ಟ ಸೆಲ್) ಸತ್ತು, ಎಫ್1 ಒತ್ತು ಅಂತ ಕಾಯ್ತಾ ಕೂತಿದೆ! ಒಂದು ಕೀ ಒತ್ತೋಕೆ ಇಡೀ ದಿನ.

ಅವತ್ತೇ ಐಪಿಎಂಐ (ಸರ್ವರ್ ಪರದೆನ ದೂರದಿಂದ್ಲೇ ನೋಡೋಕೆ ಬೋರ್ಡಲ್ಲೇ ಇರೋ ವ್ಯವಸ್ಥೆ) ಪೋರ್ಟಿಗೆ ಬೇರೆ ಕೇಬಲ್ ಹಾಕಿ 192.168.1.50 ಕೊಟ್ಟೆ, ಬ್ರೌಸರಲ್ಲಿ ಚೆನ್ನಾಗೇ ತೆರೀತು, ಖುಷಿಲಿ ವಾಪಸ್ ಬಂದೆ. ಮೊನ್ನೆ ಮತ್ತೆ ಕರೆಂಟ್ ಹೋಯ್ತು, ಈ ಸಲ ಸರ್ವರ್ ತಾನೇ ಎದ್ದಿದೆ ಆದ್ರೆ ಐಪಿಎಂಐ ಪಿಂಗೂ ಇಲ್ಲ. ಅಲ್ಲೊಂದು ರಾಸ್ಪ್‌ಬೆರಿ ಪೈಲಿ (ಪುಟ್ಟ ಕಂಪ್ಯೂಟರ್) ವೈರ್‌ಗಾರ್ಡ್ ವಿಪಿಎನ್ ಇದೆ, ಅದ್ರಿಂದ ಸರ್ವರಿಗೆ ಎಸ್ಎಸ್ಎಚ್ (ದೂರದಿಂದ ಕಮಾಂಡ್ ಕೊಡೋದು) ಆಗ್ತದೆ. ಅಲ್ಲಿ ಐಪಿಎಂಐಟೂಲ್ ಲ್ಯಾನ್ ಪ್ರಿಂಟ್ ಅನ್ನೋ ಕಮಾಂಡ್ ಕೊಟ್ರೆ ಐಪಿ ಸರಿಯಾಗೇ ತೋರಿಸ್ತದೆ. ಮತ್ತೆ ಘಟ್ಟ ಹತ್ಬೇಕಾ? ಇನ್ನೊಂದು, ರೌಟರಲ್ಲಿ ಹೊರಗಿನ ಇಂಟರ್ನೆಟ್ಟಿಂದ ಐಪಿಎಂಐಗೆ ನೇರ ಪೋರ್ಟ್ ಫಾರ್ವರ್ಡ್ ಮಾಡಿದ್ರೆ ಸುಲಭ ಅಲ್ವಾ?

ಬಿಸಿ_ಕಷಾಯ:
ಮಾರಾಯ್ರೆ, ಪೋರ್ಟ್ ಫಾರ್ವರ್ಡ್ ಮಾತ್ರ ಬೇಡ. 2004ರಲ್ಲಿ ಬಂದ ಐಪಿಎಂಐ 2.0ರ ಲಾಗಿನ್ ವಿಧಾನದಲ್ಲೇ ತೂತಿದೆ, ಯೂಸರ್ ಹೆಸ್ರು ಸರಿ ಇದ್ರೆ ಸಾಕು, ಪಾಸ್‌ವರ್ಡ್ ಪರೀಕ್ಷೆ ಆಗೋಕೆ ಮುಂಚೇನೇ ಅದ್ರ ಹ್ಯಾಶು (ಪಾಸ್‌ವರ್ಡಿಂದ ಲೆಕ್ಕ ಹಾಕಿದ ಗುರುತು) ಕೇಳಿದವ್ರ ಕೈಗೆ ಸಿಗ್ತದೆ, ಮನೆಲಿ ಕೂತು ಆರಾಮಾಗಿ ಒಡೀಬಹುದು. ಸ್ಪೆಸಿಫಿಕೇಶನ್ನೇ ಹಂಗಿರೋದ್ರಿಂದ ಫರ್ಮ್‌ವೇರ್ ಅಪ್‌ಡೇಟ್ ಮಾಡಿದ್ರೂ ಹೋಗಲ್ಲ. ಮೇಲಿಂದ ಹಳೇ ಬೋರ್ಡಲ್ಲಿ ಎಡ್ಮಿನ್ ಎಡ್ಮಿನ್ ಅನ್ನೋ ಫ್ಯಾಕ್ಟರಿ ಪಾಸ್‌ವರ್ಡ್ ಹಂಗೇ ಬಿಟ್ಟಿರ್ತಾರೆ. ಐಪಿಎಂಐ ಬಳಸೋ ಪೋರ್ಟ್ ಯುಡಿಪಿ 623 ಹೊರಗೆ ತೆರೆದಿಟ್ರೆ ಬೀರು ಕೀಲಿಕೈ ಬೀದಿಲಿ ಇಟ್ಟಂಗೆ. ವೈರ್‌ಗಾರ್ಡ್ ಇದೆಯಲ್ಲ, ಅದ್ರೊಳಗಿಂದ್ಲೇ ಹೋಗಿ. ಅದು ಸರ್ವರಲ್ಲಿ ಇಡ್ದೆ ಪೈಲಿ ಇಟ್ಟಿದ್ದು ಬಹಳ ಒಳ್ಳೇದಾಯ್ತು, ಇಲ್ದಿದ್ರೆ ಸರ್ವರ್ ಬಿದ್ದಾಗ ದಾರಿನೂ ಬೀಳ್ತಿತ್ತು.

ಟಾಗೋರ್_ಬೀಚ್:
ಘಟ್ಟ ಹತ್ಬೇಡಿ ಸರ್, ಸ್ವಲ್ಪ ತಡೀರಿ. ನಂಗೂ ಹಿಂಗೇ ಆಗಿತ್ತು, ಎರಡು ದಿನ ಕೇಬಲ್‌ಗೆ ಬೈದಿದ್ದೇ ಬಂತು. ಸೂಪರ್‌ಮೈಕ್ರೋಲಿ ಐಪಿಎಂಐ ಫ್ಯಾಕ್ಟರಿಯಿಂದ ಫೇಲ್‌ಓವರ್ ಮೋಡಲ್ಲಿ ಬರ್ತದೆ. ಕರೆಂಟ್ ಬಂದ ತಕ್ಷಣ ಬಿಎಂಸಿ (ಐಪಿಎಂಐ ನಡೆಸೋ ಚಿಪ್) ತನ್ನ ಸ್ವಂತ ಪೋರ್ಟಲ್ಲಿ ಲಿಂಕ್ ಇದೆಯಾ ನೋಡ್ತದೆ, ನಿಮ್ ಸ್ವಿಚ್ ಅಷ್ಟೊತ್ತಿಗೆ ಇನ್ನೂ ಬೂಟ್ ಆಗಿರಲ್ಲ, ಲಿಂಕ್ ಇಲ್ಲ ಅಂದ್ಕೊಂಡು ಸರ್ವರಿನ ಮಾಮೂಲಿ ನೆಟ್‌ವರ್ಕ್ ಪೋರ್ಟ್ ಲ್ಯಾನ್1ಕ್ಕೆ ಹಾರಿ ಅಲ್ಲೇ ಕೂತ್ಬಿಡ್ತದೆ. ಡೆಬಿಯನ್ ಕೇಬಲ್ ಲ್ಯಾನ್2ರಲ್ಲಿ ಇದೆಯಾ?

ದೇವಿಮನೆ_ತಿರುವು:
ಹೌದು! ಲ್ಯಾನ್1 ಖಾಲಿ.

ಟಾಗೋರ್_ಬೀಚ್:
ಹಂಗಾದ್ರೆ ಅದೇ. ಎಸ್ಎಸ್ಎಚ್ ಇದೆಯಲ್ಲ, ಒಳಗಿಂದ್ಲೇ ಸರಿ ಮಾಡಿ. ಐಪಿಎಂಐಟೂಲ್ ರಾ ಅಂತ ಕೊಟ್ಟು 0x30 0x70 0x0c 0 ಹಾಕಿ, 02 ಬಂದ್ರೆ ಫೇಲ್‌ಓವರ್. ಆಮೇಲೆ ಅದೇ ಸಾಲಿನ ಕೊನೆಯ 0 ತೆಗೆದು 1 0 ಹಾಕಿ, ಡೆಡಿಕೇಟೆಡ್ ಆಗ್ತದೆ, ಅಂದ್ರೆ ಸ್ವಂತ ಪೋರ್ಟಲ್ಲೇ ಇರ್ತದೆ. ಇದು ಸೂಪರ್‌ಮೈಕ್ರೋಗೆ ಮಾತ್ರ, ಬೇರೆ ಕಂಪನಿ ಬೋರ್ಡಿಗೆ ಹೊಡೀಬೇಡಿ. ಆಗ್ಲೂ ಬರ್ದಿದ್ರೆ ಐಪಿಎಂಐಟೂಲ್ ಎಂಸಿ ರೀಸೆಟ್ ಕೋಲ್ಡ್. ಬಿಎಂಸಿ ಮಾತ್ರ ರೀಬೂಟ್ ಆಗ್ತದೆ, ಸರ್ವರ್ ಓಡ್ತಾ ಇರ್ತದೆ, ಬಿಲ್ಲಿಂಗ್‌ನವ್ರಿಗೆ ಗೊತ್ತೂ ಆಗಲ್ಲ.

ಸೀರಿಯಲ್_ಮಾಣಿ:
ಇದ್ರ ಜೊತೆ ಸೀರಿಯಲ್ ಓವರ್ ಲ್ಯಾನೂ (ಚಿಕ್ಕದಾಗಿ ಸೋಲ್, ಪರದೆಯ ಅಕ್ಷರ ಮಾತ್ರ ನೆಟ್ಟಲ್ಲಿ ಕಳಿಸೋದು) ಹಾಕಿಡಿ. ಮಳೆಗಾಲದ ನೆಟ್ಟಲ್ಲಿ ಚಿತ್ರದ ಕನ್ಸೋಲ್ ತೆವಳ್ತದೆ, ಅಕ್ಷರ ಮಾತ್ರ ಆದ್ರೆ ಮೊಬೈಲ್ ಡೇಟಾದಲ್ಲೂ ಓಡ್ತದೆ. ಹಳೇ ಬೋರ್ಡಾದ್ರೆ ಚಿತ್ರಕ್ಕೆ ಜಾವಾ ಬೇರೆ ಕೇಳ್ತದೆ, ಜಾವಾ 11ರಲ್ಲಿ ವೆಬ್ ಸ್ಟಾರ್ಟನ್ನೇ ತೆಗೆದು ಹಾಕಿದ್ದಾರೆ, ಆ ತಲೆನೋವು ಯಾರಿಗೆ ಬೇಕು. ಬಯೋಸಲ್ಲಿ ಕನ್ಸೋಲ್ ರೀಡೈರೆಕ್ಷನ್ ಆನ್ ಮಾಡಿ, ಗ್ರಬ್‌ನ (ಲಿನಕ್ಸ್ ಶುರು ಮಾಡೋ ಪ್ರೋಗ್ರಾಂ) ಕರ್ನಲ್ ಸಾಲಿಗೆ ಟಿಟಿವೈಎಸ್1 ಅನ್ನೋ ಸೀರಿಯಲ್ ಪೋರ್ಟಿನ ಕನ್ಸೋಲ್ ಸೇರಿಸಿ, ವೇಗ 115200, ಎರಡೂ ಕಡೆ ಒಂದೇ ಇರ್ಲಿ ಇಲ್ದಿದ್ರೆ ಪರದೆ ತುಂಬಾ ಕಸ ಬರ್ತದೆ. ಆಮೇಲೆ ಅಪ್‌ಡೇಟ್ ಗ್ರಬ್ ಕಮಾಂಡ್ ಕೊಡೋದು ಮರೀಬೇಡಿ. ಲಾಗಿನ್ ಪ್ರಾಂಪ್ಟ್ ಡೆಬಿಯನ್‌ನ ಸಿಸ್ಟಂಡಿ ತಾನೇ ಕೊಡ್ತದೆ. ಪೈಯಿಂದ ಐಪಿಎಂಐಟೂಲಿಗೆ ಲ್ಯಾನ್‌ಪ್ಲಸ್ ಅಂತ ಕೊಟ್ಟು ಸೋಲ್ ಆಕ್ಟಿವೇಟ್ ಮಾಡಿ. ಹೊರಗೆ ಬರೋಕೆ ಟಿಲ್ಡೆ (~) ಒತ್ತಿ ಚುಕ್ಕಿ, ಆದ್ರೆ ನೀವು ಎಸ್ಎಸ್ಎಚ್ ಒಳಗೆ ಇರೋದ್ರಿಂದ ಒಂದೇ ಟಿಲ್ಡೆ ಒತ್ತಿದ್ರೆ ಎಸ್ಎಸ್ಎಚ್ಚೇ ಕಟ್ಟಾಗ್ತದೆ, ಎರಡು ಟಿಲ್ಡೆ ಒತ್ತಿ ಚುಕ್ಕಿ ಒತ್ತಿ. ನಾನು ಇದು ಗೊತ್ತಾಗೋಕೆ ಎಷ್ಟು ಸಲ ಹೊರಗೆ ಬಿದ್ದೆನೋ ಲೆಕ್ಕ ಇಲ್ಲ.

ಬಯೋಸ್ ಒಳಗೆ ಹೋದಾಗ್ಲೇ ಎರರ್ ಬಂದ್ರೆ ಎಫ್1ಗೆ ಕಾಯೋದನ್ನ ಆಫ್ ಮಾಡಿ, ಕರೆಂಟ್ ಬಂದ್ಮೇಲೆ ತಾನೇ ಆನ್ ಆಗೋದು ಅಂತ ಇಡಿ.

ದೇವಿಮನೆ_ತಿರುವು:
02 ಬಂತು! ಡೆಡಿಕೇಟೆಡ್ ಮಾಡಿ ರೀಸೆಟ್ ಕೊಟ್ಟೆ, ಒಂದೆರಡು ನಿಮಿಷಕ್ಕೆ ಪಿಂಗ್ ಬಂತು, ಕೂತಲ್ಲೇ ಬಯೋಸ್ ನೋಡ್ದೆ ಮಾರಾಯ್ರೆ. ಸೋಲಲ್ಲಿ ಗ್ರಬ್ ಮೆನು ಮಾತ್ರ ಕಾಣ್ತಿಲ್ಲ, ಕರ್ನಲ್ ಶುರು ಆದ್ಮೇಲಿಂದು ಎಲ್ಲಾ ಕಾಣ್ತದೆ.

ಸೀರಿಯಲ್_ಮಾಣಿ:
ಗ್ರಬ್ಬಿಗೆ ಬೇರೆ ಹೇಳ್ಬೇಕು. ಗ್ರಬ್ ಟರ್ಮಿನಲ್ ಅನ್ನೋ ಸಾಲಲ್ಲಿ ಕನ್ಸೋಲ್, ಸೀರಿಯಲ್ ಎರಡೂ ಹಾಕಿ, ಸೀರಿಯಲ್ ಕಮಾಂಡಲ್ಲಿ ಯೂನಿಟ್ 1, ಸ್ಪೀಡ್ 115200.

ಬಿಸಿ_ಕಷಾಯ:
ಪೈ, ರೌಟರ್, ಸ್ವಿಚ್ ಮೂರೂ ಯುಪಿಎಸ್ ಮೇಲಿದಾವಾ?

ದೇವಿಮನೆ_ತಿರುವು:
ಸ್ವಿಚ್ ಇಲ್ಲ... ನಾಳೆ ಆಫೀಸಿಗೆ ಫೋನ್ ಮಾಡಿ ಪ್ಲಗ್ ಬದಲಾಯಿಸೋಕೆ ಹೇಳ್ತೆ.