ಅಪ್‌ಡೇಟ್: ಬಕ್ ಕನ್ವರ್ಟರ್‌ನ ಕರೆಂಟ್ ರೀಡಿಂಗ್ ಸರಿಹೋಯಿತು

ಹೋದ ವಾರ ಕೇಳಿದ್ದೆ ಅಲ್ವಾ, ಬಕ್ ಕನ್ವರ್ಟರ್‌ನಲ್ಲಿ (ಡಿಸಿ ವೋಲ್ಟೇಜ್ ಇಳಿಸುವ ಸರ್ಕ್ಯೂಟ್) ಇಂಡಕ್ಟರ್‌ನ ಸುರುಳಿಯ ರೆಸಿಸ್ಟೆನ್ಸ್ ನಂಬಿ ಕರೆಂಟ್ ಅಳೆದರೆ ಲೋಡ್ ಏರಿದಾಗ ರೀಡಿಂಗ್ ಎಗರುತ್ತದೆ, ಬೋರ್ಡ್ ಬಿಸಿಯಾದರೆ ಜಾಸ್ತಿ ತೋರಿಸುತ್ತದೆ ಅಂತ. ಎರಡೂ ಸರಿಹೋದವು.

ಮೊದಲನೆಯದು ನನ್ನ ಲೆಕ್ಕದ ತಪ್ಪು. ಇಂಡಕ್ಟರ್ 4.7 ಮೈಕ್ರೋಹೆನ್ರಿ, ಅದರ ರೆಸಿಸ್ಟೆನ್ಸ್ 10 ಮಿಲಿಓಮ್. ಭಾಗಿಸಿದರೆ 470 ಮೈಕ್ರೋಸೆಕೆಂಡ್. ಕರೆಂಟ್ ಅಳೆಯಲು ಇಂಡಕ್ಟರ್‌ಗೆ ಅಡ್ಡ ಹಾಕುವ ಆರ್‌ಸಿಯ (ರೆಸಿಸ್ಟರ್-ಕೆಪಾಸಿಟರ್ ಜೋಡಿ) ಗುಣಲಬ್ಧವೂ ಅಷ್ಟೇ ಇರಬೇಕು. ನಾನು 0.1 ಮೈಕ್ರೋಫ್ಯಾರಡ್ ಜೊತೆ 2.2 ಕಿಲೋಓಮ್ ಹಾಕಿದ್ದೆ, ಅಂದರೆ ಬರೀ 220 ಮೈಕ್ರೋಸೆಕೆಂಡ್. 4.7 ಕಿಲೋಓಮ್ ಹಾಕಿದ ತಕ್ಷಣ ಲೋಡ್ ಏರಿದಾಗ ಆಸಿಲೋಸ್ಕೋಪ್‌ನಲ್ಲಿ ಕಾಣುತ್ತಿದ್ದ ಕೊಂಬು (ರೀಡಿಂಗ್‌ನ ಎಗರು) ಮಾಯ. ನೋಡಿ ತುಂಬಾ ಖುಷಿಯಾಯಿತು.

ಬಿಸಿಯ ತೊಂದರೆ ತಾಮ್ರದ್ದು. ಡಿಗ್ರಿಗೆ ಸುಮಾರು 0.39% ರೆಸಿಸ್ಟೆನ್ಸ್ ಏರುತ್ತದೆ, 60 ಡಿಗ್ರಿ ಬಿಸಿ ಏರಿದರೆ 23%! ಇಂಡಕ್ಟರ್‌ಗೆ ತಾಗಿಸಿ ಎನ್‌ಟಿಸಿ (ಬಿಸಿಯಾದಂತೆ ರೆಸಿಸ್ಟೆನ್ಸ್ ಇಳಿಯುವ ಬಿಡಿಭಾಗ) ಕೂರಿಸಿ ಸರಿದೂಗಿಸಿದೆ. ಸೆನ್ಸ್ ಟ್ರೇಸ್‌ಗಳನ್ನು (ಅಳತೆಗೆ ಬೋರ್ಡ್ ಮೇಲೆ ಎಳೆಯುವ ತಾಮ್ರದ ಗೆರೆಗಳು) ಇಂಡಕ್ಟರ್ ಪ್ಯಾಡ್‌ನಿಂದಲೇ ಎಳೆಯಿರಿ ಎಂದವರಿಗೆ ತುಂಬಾ ಥ್ಯಾಂಕ್ಸ್, ಹೊಸ ಬೋರ್ಡ್‌ನಲ್ಲಿ ಹಾಗೇ ಮಾಡಿದ್ದೇನೆ.